ಮಂಜು ಕರಗಿದ ಮೇಲೂ ವಿಮಾನ ತಡವೇಕೆ?

ಹೊಸೂರಿನಲ್ಲಿ ತಳಿ ಬಸ್ಸಿಗೆ ಕಾದು ನಿಂತ ಮಕ್ಕಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಬೆಳಗಿನ ಮೊದಲ ಟ್ರಿಪ್ ತಡವಾದರೆ ಮುಂದಿನ ಟ್ರಿಪ್ಪೂ ತಡ. ಅದೇ ಬಸ್ಸು ಹೋಗಿ, ತಿರುಗಿ ಬಂದು, ಮತ್ತೆ ಹೊರಡಬೇಕಲ್ಲ! ವಿಮಾನದ ಕಥೆಯೂ ಇದೇ.

ನಮಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ದೇವನಹಳ್ಳಿಯದು. 2008ರ ಮೇ ತಿಂಗಳಲ್ಲಿ ಶುರುವಾಯಿತು. ಚಳಿಗಾಲದ ಬೆಳಗಿನ ಜಾವ ಅಲ್ಲಿ ದಟ್ಟ ಮಂಜು ಕವಿಯುವುದುಂಟು. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯಲ್ಲಿನ ನೀರಾವಿ ಸಣ್ಣ ಹನಿಗಳಾಗಿ ತೇಲುತ್ತದೆ. ರನ್‌ವೇ ಸಾಕಷ್ಟು ಕಾಣದಿದ್ದರೆ ವಿಮಾನ ಕಾಯಲೇಬೇಕು. ಬಿಸಿಲೇರಿದರೆ ಮಂಜು ಕರಗುತ್ತೆ, ಆದರೆ ತಡ ಕರಗಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದೇ ವಿಮಾನ ಬೆಂಗಳೂರು–ಚೆನ್ನೈ–ಬೆಂಗಳೂರು–ಹೈದರಾಬಾದ್–ಬೆಂಗಳೂರು–ಕೊಚ್ಚಿ ಎಂದು ದಿನಕ್ಕೆ ಐದು ಸಲ ಹಾರುತ್ತದೆ ಎನ್ನಿ. ನಡುವೆ ಪ್ರತಿ ನಿಲುಗಡೆಗೆ ವೇಳಾಪಟ್ಟಿಯಲ್ಲಿ 45 ನಿಮಿಷ. ಅವಸರ ಮಾಡಿದರೆ ಇಳಿಸಿ, ಹತ್ತಿಸಿ, ಇಂಧನ ತುಂಬಲು 30 ನಿಮಿಷ ಸಾಕು. ಅಂದರೆ ಒಂದು ನಿಲುಗಡೆಯಲ್ಲಿ 15 ನಿಮಿಷ ಉಳಿಸಬಹುದು. ಮಂಜಿನಿಂದ ಮೊದಲ ಹಾರಾಟ 90 ನಿಮಿಷ ತಡವಾದರೆ, ಮುಂದಿನವು ಕ್ರಮವಾಗಿ 75, 60, 45, 30 ನಿಮಿಷ ತಡ. ಎಲ್ಲ ಕೂಡಿಸಿ: 300 ನಿಮಿಷ! ಕೊಚ್ಚಿಗೆ ಹೊರಟವರು ಮಂಜನ್ನೇ ನೋಡಿರುವುದಿಲ್ಲ, ಆದರೂ ಅರ್ಧ ಗಂಟೆ ಕಾಯುತ್ತಾರೆ.

ಇಷ್ಟಕ್ಕೇ ಮುಗಿಯಲ್ಲ. ಚೆನ್ನೈಯಲ್ಲಿ ಇಳಿದ ಪೈಲಟ್ ಅಲ್ಲಿಂದ ಬೇರೆ ವಿಮಾನ ಓಡಿಸಬೇಕಿದ್ದರೆ, ಆ ವಿಮಾನವೂ ಕಾಯುತ್ತದೆ. ಒಂದು ಸರಪಳಿಗೆ ಕೊಂಬೆಗಳು ಮೂಡುತ್ತವೆ. ಪೈಲಟ್‌ಗಳ ಕೆಲಸದ ಅವಧಿಗೂ ನಿಯಮದ ಮಿತಿಯಿದೆ. ಅದು ಮೀರುವಂತಿದ್ದರೆ ಬೇರೆಯವರನ್ನು ಕರೆಸಬೇಕು. ಯಾರೂ ಸಿಗದಿದ್ದರೆ ಹಾರಾಟವೇ ರದ್ದು. ಪ್ರಯಾಣಿಕರಿಗೆ ಸಿಟ್ಟು ಬರುವುದು ಸಹಜ. ಆದರೆ ನಿದ್ದೆಗೆಟ್ಟ ಪೈಲಟ್ ಹಾರಿಸುವುದಕ್ಕಿಂತ ತಡವೇ ಮೇಲು ಎಂದು ಮಕ್ಕಳಿಗೆ ಹೇಳಿ.

ನಿಲುಗಡೆಯ ಸಮಯ ಹೆಚ್ಚಿಸಬಾರದೇ? ಹೆಚ್ಚಿಸಬಹುದು. ಆದರೆ ನೆಲದ ಮೇಲೆ ನಿಂತ ವಿಮಾನಕ್ಕೆ ಸಂಪಾದನೆಯಿಲ್ಲ. ಹಾಗಾಗಿ ಕಂಪನಿಗಳು ಬಿಡುವನ್ನು ಅಳೆದು ಇಡುತ್ತವೆ. ವಿಮಾನ ರಾತ್ರಿ ಹೆಚ್ಚು ಹೊತ್ತು ನಿಂತರೆ ಸರಪಳಿ ತುಂಡಾಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ: ಉಳಿಸುವ ಸಮಯ 15ರ ಬದಲು 30 ನಿಮಿಷವಾದರೆ ಒಟ್ಟು ತಡ ಎಷ್ಟು? ಏನೂ ಉಳಿಯದಿದ್ದರೆ? (ಉತ್ತರ: 180, 450 ನಿಮಿಷ.) ಆಮೇಲೆ ಮಕ್ಕಳು ತಮ್ಮೂರಿನ ಬಸ್ಸಿಗೂ ಇದೇ ಲೆಕ್ಕ ಹಾಕಲಿ.