ಪ್ಲೇಟ್‌ಲೆಟ್: ಎಣಿಕೆಯಾಚೆಯ ಕಥೆ

ಡೆಂಗಿ ಕಾಲ ಬಂತೆಂದರೆ ಮದ್ದೂರಿನ ಶಿವಪುರದಿಂದ ಮಂಡ್ಯದ ಮಿಮ್ಸ್ ವಾರ್ಡಿನವರೆಗೂ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟೈತೆ?’ ಮೈಕ್ರೋಲೀಟರಿಗೆ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಮನೆಮಂದಿಗೆಲ್ಲ ದಿಗಿಲು. ಆದರೆ ಆ ಸಂಖ್ಯೆಯಿಂದ ತಿಳಿಯುವುದು ಕಣಗಳೆಷ್ಟಿವೆ ಎಂಬುದಷ್ಟೇ. ಅವು ಸುಮ್ಮನಿವೆಯೋ, ಕೆರಳಿ ಹೆಪ್ಪುಗಟ್ಟಿಸಲು ಹೊರಟಿವೆಯೋ ಎಂದು ಕಂಡುಕೊಳ್ಳಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

ಗಾಯಗೊಂಡ ರಕ್ತನಾಳದ ಗೋಡೆಗೆ ಈ ಕಣಗಳು ಅಂಟಿಕೊಳ್ಳುವುದನ್ನು ಇಟಲಿಯ ಜೂಲಿಯೊ ಬಿಜೊಜೆರೊ 1882ರ ಹೊತ್ತಿಗೇ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದರು. 1962ರಲ್ಲಿ ಗುಸ್ತಾವ್ ಬಾರ್ನ್ ಪ್ಲಾಸ್ಮಾದ ಮೂಲಕ ಬೆಳಕು ಹಾಯಿಸಿದರು. ಕಣಗಳು ಗುಂಪುಗೂಡಿದಂತೆ ಮಬ್ಬು ತಿಳಿಯಾಗುತ್ತಿತ್ತು. ಆದರೆ ಅದು ಗಾಜಿನ ಕೊಳವೆಯಲ್ಲಿ ನಡೆದ ಮಾತು. ಮೈಯೊಳಗೆ ಏನು ನಡೆದಿದೆ?

ಉತ್ತರವಿದ್ದದ್ದು ಪ್ಲೇಟ್‌ಲೆಟ್ ಒಳಗಿನ ಆಲ್ಫಾ ಕಣಿಕೆಗಳಲ್ಲಿ. ಪ್ಲೇಟ್‌ಲೆಟ್ ಕೆರಳಿದಾಗ ಇವು ತಮ್ಮ ಪ್ರೋಟೀನುಗಳನ್ನು ರಕ್ತಕ್ಕೆ ಸುರಿಯುತ್ತವೆ. ಪ್ಲೇಟ್‌ಲೆಟ್ ಫ್ಯಾಕ್ಟರ್-4 ಅಂಥದ್ದೊಂದು. 1975ರಲ್ಲಿ ಎಡಿನ್‌ಬರೋದ ಮೂರ್, ಪೆಪ್ಪರ್, ಕ್ಯಾಶ್ ಇನ್ನೊಂದನ್ನು ಬೇರ್ಪಡಿಸಿ ಬೀಟಾ-ಥ್ರಾಂಬೊಗ್ಲಾಬ್ಯುಲಿನ್ ಎಂದು ಕರೆದರು. ರೇಡಿಯೊಇಮ್ಯುನೊ ಅಸ್ಸೇ ವಿಧಾನದಿಂದ ಮಿಲಿಲೀಟರಿನಲ್ಲಿರುವ ನ್ಯಾನೋಗ್ರಾಂಗಳನ್ನೂ ಅಳೆಯಲು ಸಾಧ್ಯವಾಯಿತು.

ಆದರೆ ಕಷ್ಟವೆಲ್ಲ ರಕ್ತ ತೆಗೆಯುವಲ್ಲೇ. ತೋಳಿನ ಪಟ್ಟಿ ಬಿಗಿಯಾದರೂ, ಸೂಜಿ ಆಚೀಚೆ ತಿವಿದರೂ, ಕೊಳವೆ ಅಲುಗಾಡಿದರೂ ಪ್ಲೇಟ್‌ಲೆಟ್ ಕೆರಳಿಬಿಡುತ್ತದೆ. ಹಾಗಾಗಿ ಮೊದಲು ಬಂದ ರಕ್ತವನ್ನು ಬದಿಗಿಡುತ್ತಾರೆ. ಮುಂದಿನದನ್ನು ಸಿಟ್ರೇಟ್, ಥಿಯೊಫಿಲಿನ್, ಅಡೆನೊಸಿನ್, ಡೈಪಿರಿಡಮೋಲ್ ಬೆರೆತ ಕೊಳವೆಗೆ ತುಂಬಿ ಮಂಜುಗಡ್ಡೆಯಲ್ಲಿಡುತ್ತಾರೆ. ಇಷ್ಟಾದರೂ ಅನುಮಾನ ಉಳಿದರೆ ಎರಡೂ ಪ್ರೋಟೀನುಗಳನ್ನು ಹೋಲಿಸುತ್ತಾರೆ. ಮೈಯೊಳಗೆ ಬಿಡುಗಡೆಯಾದ ಫ್ಯಾಕ್ಟರ್-4 ಬೇಗನೆ ರಕ್ತನಾಳದ ಒಳಗೋಡೆಗೆ ಅಂಟಿ ಮರೆಯಾಗುತ್ತದೆ, ಬೀಟಾ ಹೆಚ್ಚು ಹೊತ್ತು ಹರಿಯುತ್ತದೆ. ಬೀಟಾ ಮಾತ್ರ ಏರಿದ್ದರೆ ಅದು ದೇಹದ ಸುದ್ದಿ. ಎರಡೂ ಒಟ್ಟಿಗೆ ಏರಿದ್ದರೆ ಕೊಳವೆಯೊಳಗಿನ ಎಡವಟ್ಟಿರಬಹುದು. ಬೀಟಾವನ್ನು ಹೊರಹಾಕುವುದು ಮೂತ್ರಪಿಂಡವಾದ್ದರಿಂದ ಅದರ ಕಾಯಿಲೆಯಿದ್ದವರಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ.

ನಮ್ಮ ಪಕ್ಕದ ಮಾನಸಗಂಗೋತ್ರಿಯಲ್ಲೂ ಪ್ಲೇಟ್‌ಲೆಟ್ ಅಧ್ಯಯನ ಬೇರೂರಿದೆ. ಹಾವಿನ ವಿಷ ಈ ಕಣಗಳನ್ನು ಏನು ಮಾಡುತ್ತದೆಂದು ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿಗಳು ಶೋಧಿಸಿದ್ದಾರೆ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲಕ್ಕೆ ಹೆದರುತ್ತಲೇ ದುಡಿಯುವ ಜಿಲ್ಲೆಗೆ ಇಂಥ ಸಂಶೋಧನೆ ದೂರದ್ದಲ್ಲ.

ಇಷ್ಟೊಂದು ಜತನ ಬೇಡುವ ಈ ಪ್ರೋಟೀನ್ ಪರೀಕ್ಷೆ ಹೆಚ್ಚಾಗಿ ಸಂಶೋಧನೆಗೇ ಸೀಮಿತ. ಆದರೂ ಅದು ಕಲಿಸುವ ಪಾಠ ನಮಗೆ ಇಂದೇ ಬೇಕು: ಎಣಿಕೆಯೊಂದೇ ಪ್ಲೇಟ್‌ಲೆಟ್‌ನ ಪೂರ್ತಿ ಕಥೆಯಲ್ಲ. ಡೆಂಗಿಯಲ್ಲೂ ವೈದ್ಯರು ರಕ್ತಸ್ರಾವ, ಬಿಡದ ವಾಂತಿ, ಹೊಟ್ಟೆನೋವು, ರಕ್ತದೊತ್ತಡಗಳನ್ನೆಲ್ಲ ಕೂಡಿಸಿ ನೋಡುತ್ತಾರೆ. ವರದಿಯ ಅಂಕಿ ಹಿಡಿದು ಪ್ಲೇಟ್‌ಲೆಟ್ ಹಾಕಿ ಎಂದು ಒತ್ತಾಯಿಸುವ ಮುನ್ನ ರೋಗಿ ಹೇಗಿದ್ದಾರೆ ಎಂದು ಕೇಳೋಣ.