ಗುಬ್ಬಿಸರ್ವರ್ ಮಾಡಿದ ಅವಾಂತರ

ಮಧ್ಯಾಹ್ನ ಎರಡಕ್ಕೆ ಲ್ಯಾಬ್ ಇಂಟರ್ನಲ್ಸ್. ಹನ್ನೆರಡೂವರೆಗೆ ‘ಎಲ್‌ಎಸ್’ ಕೊಟ್ಟರೆ ಫೈಲುಗಳ ಪಟ್ಟಿಯೇ ಇಲ್ಲ! ‘ಫೋರ್ಕ್: ರಿಸೋರ್ಸ್ ಟೆಂಪರರಿಲಿ ಅನ್‌ಅವೈಲಬಲ್’ ಎಂಬ ಒಂದೇ ಸಾಲು. ಕಂಪೈಲ್ ಕೂಡ ಆಗುತ್ತಿಲ್ಲ. ಇಡೀ ಲ್ಯಾಬಿನದು ಅದೇ ಕಥೆ.

ನಾನು ಗುಬ್ಬಿಯಿಂದ ತುಮಕೂರಿಗೆ ದಿನಾ ರೈಲಿನಲ್ಲಿ ಬಂದುಹೋಗುವ ಬಿಇ ವಿದ್ಯಾರ್ಥಿ. ಪಕ್ಕದಲ್ಲಿ ಕೂರುವ ಗೆಳೆಯ ಕುಣಿಗಲ್‌ನವನು. ಬ್ಯಾಚಿನವರೆಲ್ಲ ಒಂದೇ ಲಿನಕ್ಸ್ ಸರ್ವರ್‌ಗೆ ‘ಸ್ಟೂಡೆಂಟ್’ ಎಂಬ ಒಂದೇ ಹೆಸರಲ್ಲಿ ಲಾಗಿನ್ ಆಗುತ್ತಿದ್ದೆವು. ಅಡ್ಮಿನ್ ಅಂದು ರಜೆ. ರೂಟ್ ಪಾಸ್‌ವರ್ಡ್ ಇದ್ದದ್ದು ಅವರ ಹತ್ತಿರ ಮಾತ್ರ. ‘ಆಫ್ ಮಾಡಿ ಆನ್ ಮಾಡ್ರಪ್ಪ’ ಅಂದರು ಅಟೆಂಡರ್. ಆದರೆ ಸೀನಿಯರ್ ಒಬ್ಬರ ಪ್ರಾಜೆಕ್ಟ್ ಹಿಂದಿನ ರಾತ್ರಿಯಿಂದ ಅದರಲ್ಲೇ ಓಡುತ್ತಿತ್ತು. ಆಫ್ ಮಾಡಿದರೆ ಅಷ್ಟೂ ನೀರುಪಾಲು.

ಕುಣಿಗಲ್ ಗೆಳೆಯ ಗಾಬರಿಯಾಗಲಿಲ್ಲ. ‘ಯುಲಿಮಿಟ್ ಮೈನಸ್ ಯು’ ಕೊಟ್ಟ. 500 ಅಂತ ಬಂತು. ಅಂದರೆ ‘ಸ್ಟೂಡೆಂಟ್’ ಹೆಸರಲ್ಲಿ ಎಷ್ಟೇ ಜನ ಕೂತರೂ ಎಲ್ಲರಿಗೂ ಸೇರಿ 500 ಪ್ರೊಸೆಸ್. ಅದು ಭರ್ತಿಯಾಗಿದೆ. ಹಾಗಾದರೆ ಯುಲಿಮಿಟ್ ಹೇಗೆ ಓಡಿತು? ಯುಲಿಮಿಟ್, ಎಕೋ, ರೀಡ್, ಕಿಲ್ ಇವೆಲ್ಲ ಬ್ಯಾಶ್ ಒಳಗೇ ಇರುವ ಕಮಾಂಡ್‌ಗಳು, ಹೊಸ ಪ್ರೊಸೆಸ್ ಕೇಳುವುದಿಲ್ಲ. ‘ಪಿಎಸ್’ ಕೇಳುತ್ತದೆ, ಹಾಗಾಗಿ ಅದು ಓಡುವುದಿಲ್ಲ. (ಸಂದರ್ಶನಕ್ಕೆ ಓದುತ್ತಿರುವವರು ಇದನ್ನು ಗುರುತು ಹಾಕಿಕೊಳ್ಳಬಹುದು!)

ಅವನು ಎಕೋದಿಂದಲೇ ‘ಪ್ರಾಕ್’ ಡೈರೆಕ್ಟರಿಯ ಸಂಖ್ಯೆಗಳನ್ನು ಹೊರಗೆ ಎಳೆದ. ಪರದೆ ತುಂಬ ಪ್ರೊಸೆಸ್ ನಂಬರ್‌ಗಳು. ಕೊನೆಯ ಕೆಲವರ ‘ಸ್ಟೇಟಸ್’ ಫೈಲನ್ನು ರೀಡ್ ಲೂಪ್ ಹಾಕಿ ಓದಿದ. ಸ್ಥಿತಿ: ಝಾಂಬಿ. ಹೆಸರು: ಗುಬ್ಬಿಸರ್ವರ್.

ಆ ಹೆಸರನ್ನು ಊರಿನ ಮೇಲಿನ ಪ್ರೀತಿಗೆ ಇಟ್ಟವನು ನಾನೇ. ಎಲ್ಲರೂ ನನ್ನತ್ತ ತಿರುಗಿದರು.

ಪ್ರತಿ ಸಂಪರ್ಕಕ್ಕೂ ಫೋರ್ಕ್ ಮಾಡಿ ಒಂದು ಮರಿ ಪ್ರೊಸೆಸ್ ಹುಟ್ಟಿಸುವ ಪ್ರೋಗ್ರಾಂ ಅದು. ಮರಿ ಕೆಲಸ ಮುಗಿಸಿ ಸತ್ತ ಮೇಲೆ ತಾಯಿ ಪ್ರೊಸೆಸ್ ‘ವೇಟ್’ ಕರೆದು ಲೆಕ್ಕ ಚುಕ್ತಾ ಮಾಡಬೇಕು. ಇಲ್ಲದಿದ್ದರೆ ಸತ್ತದ್ದೂ ಝಾಂಬಿಯಾಗಿ ಮಿತಿಯ ಲೆಕ್ಕದಲ್ಲೇ ಉಳಿಯುತ್ತದೆ. ನಾನು ವೇಟ್ ಬರೆದಿರಲಿಲ್ಲ. ಸಾಲದ್ದಕ್ಕೆ, ಎರಡು ಸೆಕೆಂಡಿಗೊಮ್ಮೆ ಸಂಪರ್ಕಿಸುವ ಲೂಪನ್ನು ಇನ್ನೊಂದು ಕಂಪ್ಯೂಟರಿನಿಂದ ಬಿಟ್ಟು, ಕ್ಯಾಂಟೀನಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದೆ. ಕಾಲು ಗಂಟೆಗೆ 450 ಝಾಂಬಿ!

ಯಾರೋ ಒಂದು ಝಾಂಬಿಗೆ ‘ಕಿಲ್ ಮೈನಸ್ 9’ ಕೊಡಿಸಿದರು. ಸತ್ತದ್ದನ್ನು ಇನ್ನೊಮ್ಮೆ ಕೊಲ್ಲುವುದೆಲ್ಲಿ ಬಂತು? ‘ಲಿಮಿಟ್ ಜಾಸ್ತಿ ಮಾಡ್ಸೋಣ’ ಅಂದ ಇನ್ನೊಬ್ಬ. 1000 ಮಾಡಿಸಿದ್ದರೆ ಇನ್ನೊಂದು ಕಾಲು ಗಂಟೆಯಲ್ಲಿ ಅದೂ ತುಂಬುತ್ತಿತ್ತು. ಸ್ಟೇಟಸ್ ಫೈಲಿನಲ್ಲಿ ‘ಪಿಪಿಐಡಿ’ ಎಂದು ತಾಯಿಯ ನಂಬರ್ ಇತ್ತು. ಗೆಳೆಯ ಅದಕ್ಕೆ ಕಿಲ್ ಕೊಟ್ಟ. ಅನಾಥ ಝಾಂಬಿಗಳನ್ನೆಲ್ಲ ಒಂದನೇ ನಂಬರಿನ ‘ಇನಿಟ್’ ದತ್ತು ತೆಗೆದುಕೊಂಡು ಸಾಗಹಾಕಿತು. ಎಲ್‌ಎಸ್ ಓಡಿತು. ಸೀನಿಯರ್ ಪ್ರಾಜೆಕ್ಟಿಗೆ ಏನೂ ಆಗಿರಲಿಲ್ಲ. ಗಂಟೆ ಒಂದೂಕಾಲು.

ಕ್ಷಮೆ ಕೇಳಿ, ‘ವೇಟ್‌ಪಿಡ್’ ಸೇರಿಸಿ, ಫೋರ್ಕ್ ಸೋತರೆ ಹೇಳುವಂತೆಯೂ ಬರೆದೆ. ಅದಾದ ಮೇಲೂ ಕುಣಿಗಲ್‌ನವನು ನನ್ನ ಪಕ್ಕ ಕೂರುವ ಮೊದಲು ಕೇಳುತ್ತಾನೆ: ‘ವೇಟ್ ಹಾಕಿದ್ದೀಯೇನೋ, ಗುಬ್ಬಿ?’