ಕಾರಿನ ಎಂಜಿನ್‌ಗೂ ಪ್ರೊಪೆಲರ್‌ಗೂ ನಡುವೆ



ಶಿರೂರಿನ ಹಿಟ್ಟಿನ ಗಿರಣಿಗೆ ಜೋಳ ಬೀಸಿಸಿಕೊಂಡು ಬರಲು ಹೋದಾಗ ಒಮ್ಮೆ ಪಟ್ಟಾದ ಕಡೆ ನೋಡಿ. ಮೋಟಾರಿನ ಪುಲ್ಲಿ ಚಿಕ್ಕದು, ಕಲ್ಲಿನ ಕಡೆಯ ಪುಲ್ಲಿ ದೊಡ್ಡದು. ಮೋಟಾರು ಜೋರಾಗಿ ತಿರುಗುತ್ತದೆ. ಕಲ್ಲು ನಿಧಾನವಾಗಿ, ಆದರೆ ಹೆಚ್ಚಿನ ತಿರುಗುಬಲದಿಂದ, ಅಂದರೆ ಟಾರ್ಕ್‌ನಿಂದ ತಿರುಗುತ್ತದೆ. ಕಾರಿನ ಎಂಜಿನ್ ಹಾಕಿ ಸಣ್ಣ ವಿಮಾನ ಕಟ್ಟಲು ಹೊರಟವನಿಗೂ ಮೊದಲು ಬೇಕಾಗುವುದು ಇಂಥದೇ ಒಂದು ಏರ್ಪಾಡು. ಅದನ್ನು ಹೇಗೆ ಆರಿಸಬೇಕು? ಪರದೆಯ ಮೇಲೆ ಲೆಕ್ಕ ಬೇಗ ಸರಿದು ಹೋಗುತ್ತದೆ. ಇಲ್ಲಿ ಕಾಗದ, ಪೆನ್ಸಿಲ್ ಹಿಡಿದು ನಿಧಾನವಾಗಿ ಮಾಡಿ ನೋಡಿ.

ವೇಗ ಏಕೆ ತಗ್ಗಿಸಬೇಕು?

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ತೆಗೆದುಕೊಳ್ಳೋಣ. ಅದರದು 796 ಸಿ.ಸಿ.ಯ, ಮೂರು ಸಿಲಿಂಡರಿನ ಎಂಜಿನ್. ಅದು ಸುಮಾರು 37 ಅಶ್ವಶಕ್ತಿ ಕೊಡುತ್ತಿದ್ದುದು ನಿಮಿಷಕ್ಕೆ 5000 ಸುತ್ತು ತಿರುಗಿದಾಗ. ಅದರ ದಂಡಕ್ಕೆ 1.7 ಮೀಟರ್ ವ್ಯಾಸದ ಪ್ರೊಪೆಲರನ್ನು ನೇರವಾಗಿ ಕಟ್ಟಿದೆವು ಎಂದಿಟ್ಟುಕೊಳ್ಳಿ. ಪ್ರೊಪೆಲರ್ ಒಂದು ಸುತ್ತು ತಿರುಗಿದರೆ ಅದರ ತುದಿ ಸುಮಾರು 5.34 ಮೀಟರ್ ಸಾಗುತ್ತದೆ. ಸೆಕೆಂಡಿಗೆ 83 ಸುತ್ತಾದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 445 ಮೀಟರ್. ಗಾಳಿಯಲ್ಲಿ ಶಬ್ದದ ವೇಗವೇ ಸುಮಾರು 340 ಮೀಟರ್. ತುದಿ ಶಬ್ದವನ್ನು ಮೀರಿ ಓಡಿದರೆ ಆಘಾತ ತರಂಗಗಳೇಳುತ್ತವೆ. ಗದ್ದಲ ಹೆಚ್ಚುತ್ತದೆ, ನೂಕುಬಲ ಕುಸಿಯುತ್ತದೆ.

ಹಾಗಾದರೆ 1 ಮೀಟರಿನ ಚಿಕ್ಕ ಪ್ರೊಪೆಲರ್ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಆಗ ತುದಿಯ ವೇಗ 262 ಮೀಟರಿಗೆ ಇಳಿಯುತ್ತದೆ, ನಿಜ. ಆದರೆ ಅದು ಬೀಸುವ ವೃತ್ತದ ವಿಸ್ತೀರ್ಣ ಮೂರನೆಯ ಒಂದು ಭಾಗದಷ್ಟೇ ಉಳಿಯುತ್ತದೆ. ಸ್ವಲ್ಪ ಗಾಳಿಯನ್ನು ಬಹಳ ಜೋರಾಗಿ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಸಾವಕಾಶವಾಗಿ ತಳ್ಳುವುದೇ ಲಾಭ. ಅದೇ ಶಕ್ತಿಗೆ, ನಿಂತಲ್ಲಿಂದ ಹೊರಡುವಾಗಿನ ನೂಕುಬಲ ಚಿಕ್ಕ ಪ್ರೊಪೆಲರಿನಲ್ಲಿ ಆದರ್ಶ ಲೆಕ್ಕದಲ್ಲೇ ಶೇಕಡಾ 30ರಷ್ಟು ಕಡಿಮೆ. ವಿಮಾನ ನೆಲ ಬಿಡುವ ಹೊತ್ತಿಗೆ ಇದು ದೊಡ್ಡ ನಷ್ಟ.

ಆದ್ದರಿಂದ ನಡುವೆ 2ಕ್ಕೆ 1ರ ಗೇರ್ ಹಾಕೋಣ. ಪ್ರೊಪೆಲರ್ 2500 ಸುತ್ತು ತಿರುಗುತ್ತದೆ, ತುದಿಯ ವೇಗ 222 ಮೀಟರ್. ಟಾರ್ಕ್ ಸುಮಾರು 53 ನ್ಯೂಟನ್-ಮೀಟರಿನಿಂದ 106ಕ್ಕೆ ಏರುತ್ತದೆ. ಶಕ್ತಿ ಮಾತ್ರ ಹೆಚ್ಚುವುದಿಲ್ಲ, ಗೇರಿನ ಘರ್ಷಣೆಯಲ್ಲಿ ತುಸು ಕಡಿಮೆಯೇ ಆಗುತ್ತದೆ.

ನಮ್ಮ ನಾಡಿನ ಉದಾಹರಣೆ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಎರಡು ಆಸನಗಳ ‘ಹಂಸ-3’ ವಿಮಾನಕ್ಕೆ 2000ದಲ್ಲಿ ಪ್ರಮಾಣಪತ್ರ ದೊರೆಯಿತು. ಅದರಲ್ಲಿರುವುದು ಆಸ್ಟ್ರಿಯಾ ದೇಶದ ರೋಟಾಕ್ಸ್ 914 ಎಂಜಿನ್. ಕಾರಿನ ಎಂಜಿನಿನಂತೆ ಇದೂ ವೇಗವಾಗಿ ತಿರುಗುವಂಥದು. ನೆಲದಿಂದೇಳುವಾಗ ಎಂಜಿನ್ 5800 ಸುತ್ತು ತಿರುಗಿದರೆ, 2.43ಕ್ಕೆ 1ರ ಗೇರಿನಿಂದಾಗಿ ಪ್ರೊಪೆಲರ್ ತಿರುಗುವುದು ಸುಮಾರು 2390 ಸುತ್ತು. ನಮ್ಮ ಲೆಕ್ಕಕ್ಕೆ ಬಹಳ ಹತ್ತಿರ, ಅಲ್ಲವೇ? ಆದರೆ ಒಂದು ವ್ಯತ್ಯಾಸವಿದೆ. ಆ ಎಂಜಿನ್ ಮತ್ತು ಆ ಗೇರ್‌ಬಾಕ್ಸ್ ಒಂದಕ್ಕೊಂದು ಹೊಂದುವಂತೆಯೇ ಹುಟ್ಟಿದವು. ಅದರ ಗೇರ್‌ಬಾಕ್ಸಿನೊಳಗೆ ಎಂಜಿನಿನ ಹೊಡೆತವನ್ನು ಹೀರುವ ಜೋಡಣೆಯೂ ಇದೆ. ಕಾರಿನ ಎಂಜಿನ್ ತಂದವನು ಈ ಹೊಂದಾಣಿಕೆಯನ್ನು ತಾನೇ ಮಾಡಿಕೊಳ್ಳಬೇಕು. ಕಷ್ಟ ಇರುವುದು ಇಲ್ಲಿಯೇ.

ಕಾಣದ ಶತ್ರು: ತಿರುಚು ಕಂಪನ

ಎಂಜಿನ್ ಗಿರಣಿಯ ಮೋಟಾರಿನಂತೆ ಒಂದೇ ಸಮನೆ ತಿರುಗಿಸುವುದಿಲ್ಲ. ಒಂದೊಂದು ಸಿಲಿಂಡರ್ ಸಿಡಿದಾಗಲೂ ದಂಡಕ್ಕೆ ಒಂದು ಹೊಡೆತ ಬೀಳುತ್ತದೆ. ನಾಲ್ಕು ಹೊಡೆತದ ಚಕ್ರದ, ಮೂರು ಸಿಲಿಂಡರಿನ ಎಂಜಿನಿನಲ್ಲಿ ಎರಡು ಸುತ್ತಿಗೆ ಮೂರು ಸಿಡಿತ. 5000 ಸುತ್ತಿನಲ್ಲಿ ಸೆಕೆಂಡಿಗೆ 125 ಹೊಡೆತಗಳು. ಆಚೆ ತುದಿಯಲ್ಲಿರುವ ಪ್ರೊಪೆಲರ್ ಭಾರವಾದದ್ದು, ಜಪ್ಪಯ್ಯ ಎಂದರೂ ಥಟ್ಟನೆ ವೇಗ ಬದಲಿಸುವುದಿಲ್ಲ. ನಡುವಿನ ದಂಡ ಸ್ಪ್ರಿಂಗಿನಂತೆ ಸೂಕ್ಷ್ಮವಾಗಿ ತಿರುಚಿ ಬಿಚ್ಚಿಕೊಳ್ಳುತ್ತದೆ.

ಈ ತಿರುಚುವಿಕೆಗೂ ಜೋಕಾಲಿಗಿರುವಂತೆ ತನ್ನದೇ ಆದ ಲಯವಿದೆ. ಪಂಚಮಿಯ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಅದು ಎತ್ತರಕ್ಕೇರುತ್ತದೆ. ಹಾಗೆಯೇ ಸಿಡಿತದ ಲಯ ದಂಡದ ಲಯಕ್ಕೆ ಕೂಡಿಬಂದರೆ ಅನುರಣನ ಉಂಟಾಗುತ್ತದೆ. ಆಗ ಹಲ್ಲುಗಳ ಮೇಲೆ ಬೀಳುವ ಭಾರ ನಮ್ಮ 106ರ ಸರಾಸರಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಹಲ್ಲು ಮುರಿಯುತ್ತದೆ, ಇಲ್ಲವೇ ದಂಡ ಬಿರಿಯುತ್ತದೆ.

ಇದು ಹೊಸ ಕಥೆಯಲ್ಲ. ಸೈಕಲ್ ಅಂಗಡಿಯ ರೈಟ್ ಸಹೋದರರು ತಮ್ಮ ವಿಮಾನದಲ್ಲಿ ವೇಗ ತಗ್ಗಿಸಲು ಸರಪಳಿಯನ್ನೇ ಬಳಸಿದರು. ಹಲ್ಲುಗಳ ಪ್ರಮಾಣ 23ಕ್ಕೆ 8. 1903ರ ನವೆಂಬರಿನಲ್ಲಿ ಎಂಜಿನ್ ಪರೀಕ್ಷಿಸಿದಾಗ ಅದರ ಹೊಡೆತಕ್ಕೆ ಹಲ್ಲುಚಕ್ರಗಳು ಸಡಿಲವಾದವು, ಪ್ರೊಪೆಲರ್ ದಂಡಗಳು ಜಖಂಗೊಂಡವು. ದುರಸ್ತಿ ಮಾಡಿದ ಮೇಲೂ ಕೊಳವೆಯಾಕಾರದ ದಂಡದಲ್ಲಿ ಬಿರುಕು ಕಂಡಿತು. ಆರ್ವಿಲ್ ತಮ್ಮೂರು ಡೇಟನ್‌ಗೆ ಹಿಂತಿರುಗಿ ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಕೊಂಡು ಬಂದರು. ಆಮೇಲೆಯೇ ಡಿಸೆಂಬರ್ 17ರ ಹಾರಾಟ ಸಾಧ್ಯವಾದದ್ದು. ಬಿರುಕು ಕಂಡದ್ದು ನೆಲದ ಮೇಲೆ ಎಂಬುದನ್ನು ಗಮನಿಸಿ.

ಆರಿಸುವಾಗ ನೋಡಬೇಕಾದದ್ದು

ಹಲ್ಲಿನ ಪಟ್ಟಾ ಹಗುರ, ಎಣ್ಣೆ ಬೇಡ, ಹೊಡೆತವನ್ನು ತುಸು ತಡೆದುಕೊಳ್ಳುತ್ತದೆ. ಆದರೆ ಅದರ ಬಿಗಿತ ದಂಡವನ್ನು ಪಕ್ಕಕ್ಕೆ ಎಳೆಯುವುದರಿಂದ ಬೇರೆ ಬೇರಿಂಗಿನ ಆಸರೆ ಬೇಕು. ಒಂದು ಜೊತೆ ಗೇರುಗಳ ಪೆಟ್ಟಿಗೆ ಅಡಕವಾದದ್ದು, ಆದರೆ ತಿರುಗುವ ದಿಕ್ಕನ್ನು ಬದಲಿಸುತ್ತದೆ. ಗ್ರಹಚಕ್ರದ ಗೇರಿನಲ್ಲಿ ದಿಕ್ಕು ಬದಲಾಗದಂತೆ, ಎರಡೂ ದಂಡಗಳು ಒಂದೇ ನೇರದಲ್ಲಿರುವಂತೆ ಮಾಡಬಹುದು. ಅದರ ರಚನೆ ಮಾತ್ರ ಜಟಿಲ.

ಯಾವುದನ್ನೇ ಆರಿಸಿದರೂ ನಾಲ್ಕು ಪ್ರಶ್ನೆ ಕೇಳಬೇಕು. ಪ್ರೊಪೆಲರಿನ ನೂಕುಬಲವನ್ನು ಗೇರ್‌ಬಾಕ್ಸಿನ ಬೇರಿಂಗೇ ಹೊರುತ್ತದೆಯೇ? ಕಾರಿನ ದಂಡ ಅದಕ್ಕಾಗಿ ಮಾಡಿದ್ದಲ್ಲ. ಹಾಕಲಿರುವ ಪ್ರೊಪೆಲರಿನ ಜಡತ್ವ ಅದರ ಮಿತಿಯೊಳಗಿದೆಯೇ? ಹಲ್ಲುಗಳ ಸಂಖ್ಯೆ 25ಕ್ಕೆ 50ರಂತೆ ಸರಿಯಾಗಿ ಭಾಗವಾಗದೆ, 25ಕ್ಕೆ 51ರಂತಿದೆಯೇ? ಹಾಗಿದ್ದರೆ ಹೊಡೆತ ಅದವೇ ಹಲ್ಲುಗಳ ಮೇಲೆ ಮತ್ತೆ ಮತ್ತೆ ಬೀಳದೆ ಎಲ್ಲಕ್ಕೂ ಹಂಚಿಹೋಗುತ್ತದೆ. ಕೊನೆಯದಾಗಿ, ಬಹಳ ಮುಖ್ಯವಾಗಿ, ಇದೇ ಎಂಜಿನ್, ಇದೇ ಜೋಡಣೆ, ಇದೇ ಪ್ರೊಪೆಲರ್ ಕೂಡಿಸಿ ನೆಲದ ಮೇಲೆ ದೀರ್ಘಕಾಲ ಓಡಿಸಿ ಪರೀಕ್ಷಿಸಿದ್ದಾರೆಯೇ? ಕಾರಿನ ಗೇರು ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಬದಿ ಎಂಬುದಿಲ್ಲ. ನಮ್ಮ ದೇಶದಲ್ಲಿ ಸ್ವಂತ ಕಟ್ಟಿದ ವಿಮಾನವನ್ನು ಹಾರಿಸಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಬೇಕೆಂಬ ನಿಯಮ ಇರುವುದೂ ಇದಕ್ಕಾಗಿಯೇ.

ನೀವೇ ಮಾಡಿ ನೋಡಿ

ಒಂದು ರಬ್ಬರ್ ಬ್ಯಾಂಡಿಗೆ ಚಿಕ್ಕ ಬೀಗವನ್ನು ಕಟ್ಟಿ ಇಳಿಬಿಡಿ. ಕೈಯನ್ನು ಬಹಳ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಬೀಗ ಕೈಯ ಜೊತೆಗೇ ಬರುತ್ತದೆ. ಸ್ವಲ್ಪ ಬೇಗ ಆಡಿಸಿದರೆ ಒಂದು ಹಂತದಲ್ಲಿ ಹುಚ್ಚೆದ್ದು ಕುಣಿಯುತ್ತದೆ. ಇನ್ನೂ ಬೇಗ ಆಡಿಸಿದರೆ ಬೀಗ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಎಂಜಿನಿಗೂ ಗೇರಿಗೂ ನಡುವೆ ರಬ್ಬರಿನ ಮೃದು ಜೋಡಣೆ ಹಾಕುವುದು, ಆ ಕುಣಿತದ ಹಂತವನ್ನು ಎಂಜಿನ್ ಕೆಲಸ ಮಾಡುವ ವೇಗಕ್ಕಿಂತ ಬಹಳ ಕೆಳಗೆ ಇಳಿಸಲಿಕ್ಕಾಗಿ.

ಗೇರಿನ ಪ್ರಮಾಣವನ್ನು ಒಂದು ಭಾಗಾಕಾರದಿಂದ ಕಂಡುಹಿಡಿಯಬಹುದು. ಆದರೆ ಹಾರುವವನ ಪ್ರಾಣ ನಿಂತಿರುವುದು ಆ ಬೀಗದ ಕುಣಿತವನ್ನು ಅರ್ಥಮಾಡಿಕೊಳ್ಳುವುದರ ಮೇಲೆ.